ಗಮನ ಸೆಳೆಯುವ ಪರದೆ, ಉತ್ತರ ಕೇಳುವ ಪರದೆ

ಗ್ರಾಮೀಣ ಭಾರತದ ಮಕ್ಕಳ ಕಲಿಕಾ ಮಟ್ಟವನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2024ರ ವರದಿಯು 14ರಿಂದ 16 ವರ್ಷದ ಮಕ್ಕಳ ಮೊಬೈಲ್ ಬಳಕೆಯ ಬಗ್ಗೆಯೂ ಲೆಕ್ಕ ಕೊಟ್ಟಿದೆ. ಈ ವಯಸ್ಸಿನ ಸುಮಾರು ಶೇ 90ರಷ್ಟು ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ, ಶೇ 82ರಷ್ಟು ಮಕ್ಕಳಿಗೆ ಅದನ್ನು ಬಳಸಲು ಬರುತ್ತದೆ. ಬಳಸಬಲ್ಲವರ ಪೈಕಿ, ಸಮೀಕ್ಷೆಯ ಹಿಂದಿನ ವಾರದಲ್ಲಿ ಓದಿಗೆ ಸಂಬಂಧಿಸಿದ ಏನಾದರೊಂದು ಕೆಲಸಕ್ಕೆ ಫೋನ್ ಬಳಸಿದ್ದವರು ಶೇ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದ್ದವರು ಶೇ 76. ಶಾಲೆಗೆ ತಂತ್ರಜ್ಞಾನ ತರಬೇಕೆನ್ನುವವರು ‘ಪರದೆ ಮಕ್ಕಳ ಗಮನವನ್ನು ಹಿಡಿದಿಡುತ್ತದೆ, ಆದ್ದರಿಂದ ಕಲಿಕೆ ಸುಲಭವಾಗುತ್ತದೆ’ ಎಂದು ವಾದಿಸುವುದುಂಟು. ವಾದದ ಮೊದಲ ಅರ್ಧಕ್ಕೆ ಯಾರ ತಕರಾರೂ ಇಲ್ಲ. ಅದನ್ನು ಮಕ್ಕಳೇ ಮನೆಯಲ್ಲಿ ದಿನವೂ ಸಾಬೀತು ಮಾಡುತ್ತಿದ್ದಾರೆ. ತಕರಾರು ಇರುವುದು ‘ಆದ್ದರಿಂದ’ ಎಂಬಲ್ಲಿ. ಗಮನ ಸಿಕ್ಕಿದ ಮಾತ್ರಕ್ಕೆ ಕಲಿಕೆ ನಡೆಯುವುದಿಲ್ಲವೆಂಬುದಕ್ಕೆ ನಮ್ಮ ದೇಶದಲ್ಲೇ ಐದು ದಶಕಗಳ ಅನುಭವವಿದೆ, ಅದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ತಲುಪಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಕಾರ್ಯಕ್ರಮ ಬರುತ್ತಿತ್ತು, ಸಂಜೆ ಊರಿನವರೆಲ್ಲ ಕೂತು ನೋಡುತ್ತಿದ್ದರು. ವಿದ್ಯುತ್ತೇ ಸರಿಯಾಗಿ ಬಾರದ ಊರುಗಳಲ್ಲಿ ಟಿ.ವಿ. ಪೆಟ್ಟಿಗೆ ಹುಟ್ಟಿಸಿದ ಬೆರಗನ್ನು ಊಹಿಸುವುದು ಕಷ್ಟವಲ್ಲ. ಆದರೆ ಆ ಪೆಟ್ಟಿಗೆ ಎಲ್ಲರಿಗೂ ಒಂದೇ ಮಾತು ಹೇಳುತ್ತಿತ್ತು. ಕೇಳುವ ಮಗುವಿಗೆ ಅರ್ಥವಾಯಿತೋ ಇಲ್ಲವೋ ಎಂದು ತಿಳಿಯುವ ದಾರಿ ಅದಕ್ಕಿರಲಿಲ್ಲ. ಅದೇ ಅವಧಿಯಲ್ಲಿ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಉಪಗ್ರಹದ ಮೂಲಕ ನಡೆಯಿತು. ಆ ತರಬೇತಿ ಟಿ.ವಿ.ಯನ್ನು ಮಾತ್ರ ನೆಚ್ಚಿಕೊಂಡಿರಲಿಲ್ಲ, ಜೊತೆಗೆ ಮುದ್ರಿತ ಸಾಮಗ್ರಿ ಮತ್ತು ಪ್ರಯೋಗದ ಚಟುವಟಿಕೆಗಳಿದ್ದವು ಎಂಬ ಅಂಶ ಮುಂದಿನ ಚರ್ಚೆಗೆ ಬೇಕಾಗುತ್ತದೆ.

ಮುಂದೆ ಬಂದ ಯೋಜನೆಗಳು ಸಾಧನವನ್ನು ಬದಲಿಸಿದವು, ವಿನ್ಯಾಸವನ್ನು ಅಷ್ಟಾಗಿ ಬದಲಿಸಲಿಲ್ಲ. 2000ದ ದಶಕದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆಯಡಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಲ್ಯಾಬ್‌ಗಳು ಬಂದವು. ಕಲಿಸುವ ಹೊಣೆ ಖಾಸಗಿ ಸಂಸ್ಥೆಗಳ ಬೋಧಕರ ಮೇಲಿತ್ತು. ಗಣಿತ, ವಿಜ್ಞಾನದ ಮೇಷ್ಟ್ರಿಗೂ ಆ ಲ್ಯಾಬಿಗೂ ಸಂಬಂಧವಿರಲಿಲ್ಲ. ಗುತ್ತಿಗೆ ಮುಗಿದ ಬಳಿಕ ಬೋಧಕರು ಹೊರಟರೆ ಲ್ಯಾಬಿನ ಬಾಗಿಲಿಗೆ ಬೀಗ ಬೀಳುವುದು ಸಹಜವೇ ಆಗಿತ್ತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್, ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದರ ಪ್ರಾಥಮಿಕ ಶಾಲಾ ಪ್ರಯೋಗಕ್ಕೆ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಶಾಲೆಗಳು ಸೇರಿದವು. ಡಿಶ್, ಟಿ.ವಿ., ಬ್ಯಾಟರಿ ಎಲ್ಲವೂ ಬಂದವು. ತರಗತಿಯ ವೇಳಾಪಟ್ಟಿ ಮಾತ್ರ ಪ್ರಸಾರದ ವೇಳಾಪಟ್ಟಿಗೆ ತಲೆಬಾಗಬೇಕಿತ್ತು. ಇಲ್ಲಿ ಮಕ್ಕಳು ಇನ್ನೂ ಕೂಡುವುದನ್ನು ಕಲಿಯುತ್ತಿದ್ದರೂ ಅಲ್ಲಿ ಗುಣಾಕಾರದ ದಿನವೆಂದರೆ ಗುಣಾಕಾರವೇ.

ಈ ಸಾಲಿನಲ್ಲಿ ಕಡಿಮೆ ಖರ್ಚಿನ, ಕಡಿಮೆ ಮಾತಿಗೆ ಬಂದ ಒಂದು ಪ್ರಯತ್ನವನ್ನು ಬೇರೆಯಾಗಿ ನಿಲ್ಲಿಸಬೇಕು. ಆಕಾಶವಾಣಿಯ ಮೂಲಕ ಪ್ರಸಾರವಾದ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಸರಣಿಗಳು ಬರೀ ಪಾಠ ಓದಿ ಹೇಳುವಂಥವಲ್ಲ. ರೇಡಿಯೊದ ದನಿ ಮಕ್ಕಳಿಗೆ ಪ್ರಶ್ನೆ ಕೇಳಿ ಒಂದು ಕ್ಷಣ ಸುಮ್ಮನಾಗುತ್ತದೆ, ಮಕ್ಕಳು ಕೂಗಿ ಉತ್ತರಿಸುತ್ತಾರೆ, ಆಮೇಲೆ ದನಿ ಮುಂದುವರಿಯುತ್ತದೆ. ನಡುನಡುವೆ ಹಾಡು, ಕುಣಿತ, ಶಿಕ್ಷಕರು ಮಾಡಿಸಬೇಕಾದ ಚಟುವಟಿಕೆ. ಪ್ರತಿ ಮಗುವಿನ ಉತ್ತರವನ್ನು ರೇಡಿಯೊ ಆಲಿಸಲಾರದು, ನಿಜ. ಆದರೂ ಮಗುವಿನ ಬಾಯಿಂದ ಏನಾದರೂ ಬರಬೇಕು ಎಂಬ ನಿರೀಕ್ಷೆ ಆ ಕಾರ್ಯಕ್ರಮದ ರಚನೆಯಲ್ಲೇ ಇತ್ತು. ಲಕ್ಷಾಂತರ ರೂಪಾಯಿಯ ‘ಸ್ಮಾರ್ಟ್ ಕ್ಲಾಸ್’ ಪರದೆಯಲ್ಲಿ ಓಡುವ ಎಷ್ಟೋ ಅನಿಮೇಷನ್ ಪಾಠಗಳಲ್ಲಿ ಆ ಒಂದು ಕ್ಷಣದ ಮೌನವೂ ಇರುವುದಿಲ್ಲ.

ಇದೇ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿತದ್ದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಷನ್. 2000ದ ದಶಕದಲ್ಲಿ ಅದು ಹಲವು ಭಾರತೀಯ ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ಕಲಿಕಾ ಸಿ.ಡಿ.ಗಳನ್ನು ತಯಾರಿಸಿ, ಹಲವು ರಾಜ್ಯಗಳ ಸಾವಿರಾರು ಶಾಲೆಗಳಿಗೆ ಕಂಪ್ಯೂಟರ್ ಆಧಾರಿತ ಕಲಿಕೆಯನ್ನು ಒಯ್ದಿತ್ತು. ಕೆಲವು ವರ್ಷಗಳ ಬಳಿಕ ಫಲಿತಾಂಶ ಪರಿಶೀಲಿಸಿ ಆ ಕಾರ್ಯಕ್ರಮವನ್ನು ಕೈಬಿಟ್ಟು ಶಿಕ್ಷಕರ ಸಾಮರ್ಥ್ಯ ವೃದ್ಧಿಯತ್ತ ಹೊರಳಿತು. ತಂತ್ರಜ್ಞಾನದ ಮೋಹವು ನಿಜವಾದ ಸಮಸ್ಯೆಗಳಿಂದ ಗಮನವನ್ನು ಬೇರೆಡೆಗೆ ಸೆಳೆಯುತ್ತದೆಂದು ಸಂಸ್ಥೆಯ ಅನುರಾಗ್ ಬೆಹರ್ 2010ರಲ್ಲಿ ಬಹಿರಂಗವಾಗಿಯೇ ಬರೆದರು. ಐ.ಟಿ. ಕಂಪನಿಯೊಂದರ ಸಂಪತ್ತಿನಿಂದ ಹುಟ್ಟಿದ ಸಂಸ್ಥೆ ಹೀಗೆ ಹೇಳಿತೆಂಬುದಕ್ಕೆ ನಮ್ಮ ಶಿಕ್ಷಣ ಚರ್ಚೆಯಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಅಂತರರಾಷ್ಟ್ರೀಯ ಯೋಜನೆಯಡಿ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿದ ಪೆರು ದೇಶದಲ್ಲೂ, ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕಿನ ಅಧ್ಯಯನವು ಗಣಿತ ಮತ್ತು ಭಾಷೆಯಲ್ಲಿ ಮಕ್ಕಳ ಅಂಕ ಏರಿದ್ದಕ್ಕೆ ಪುರಾವೆಯಿಲ್ಲವೆಂದು 2012ರಲ್ಲಿ ಹೇಳಿತು.

ಹಾಗಾದರೆ ತಂತ್ರಜ್ಞಾನ ಎಲ್ಲಿಯೂ ಕೆಲಸಕ್ಕೆ ಬಂದಿಲ್ಲವೇ? ಬಂದಿದೆ, ಎಲ್ಲಿ, ಹೇಗೆ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಇಲ್ಲಿ ವಿವರಗಳೇ ಮುಖ್ಯ.

ಗುಜರಾತ್ ಸರ್ಕಾರವು ವಡೋದರಾದ ಪಾಲಿಕೆ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. 2002ರಲ್ಲಿ ‘ಪ್ರಥಮ್’ ಸಂಸ್ಥೆಯವರು ಹೋಗಿ ನೋಡಿದಾಗ ಹೆಚ್ಚಿನ ಶಾಲೆಗಳಲ್ಲಿ ಅವು ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಆ ಕಂಪ್ಯೂಟರ್‌ಗಳಲ್ಲೇ ನಾಲ್ಕನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಇಬ್ಬಿಬ್ಬರು ಕೂತು, ಗಣಿತದ ಆಟಗಳನ್ನು ಆಡುವಂತೆ ಏರ್ಪಾಡಾಯಿತು. ಮಗು ಸರಿ ಉತ್ತರ ಕೊಟ್ಟರೆ ಲೆಕ್ಕ ಕಠಿಣವಾಗುತ್ತಿತ್ತು, ತಪ್ಪಿದರೆ ಸುಲಭವಾಗುತ್ತಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎರಡನೇ ವರ್ಷಕ್ಕೆ ಗಣಿತದ ಅಂಕಗಳು 0.47 ಮಾನಕ ವಿಚಲನೆಯಷ್ಟು (ಮಕ್ಕಳ ಅಂಕಗಳ ಹರಹನ್ನು ಅಳೆಯುವ ಏಕಮಾನ) ಏರಿದ್ದವು, ಎಂದರೆ ತರಗತಿಯ ನಡುಮಟ್ಟದಲ್ಲಿದ್ದ ಮಗು ಸ್ಪಷ್ಟವಾಗಿ ಕಾಣುವಷ್ಟು ಮುಂದೆ ಹೋಗಿತ್ತು. ಆದರೆ ಕಾರ್ಯಕ್ರಮ ನಿಂತ ಒಂದು ವರ್ಷದಲ್ಲಿ ಆ ಲಾಭದ ಬಹುಭಾಗ ಕರಗಿತು ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ.

ಅದೇ ಗುಜರಾತಿನಲ್ಲಿ ನಡೆದ ಇನ್ನೊಂದು ಪ್ರಯೋಗ ಇನ್ನೂ ಹೆಚ್ಚು ಹೇಳುತ್ತದೆ. ‘ಜ್ಞಾನ ಶಾಲಾ’ ಎಂಬ ಸಂಸ್ಥೆಯ ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಗಣಿತವನ್ನು ಎರಡು ರೀತಿಯಲ್ಲಿ ಅಳವಡಿಸಿದರು. ಒಂದು ಗುಂಪಿಗೆ ಶಾಲೆಯ ಅವಧಿಯಲ್ಲೇ, ಶಿಕ್ಷಕರ ಪಾಠದ ಸಮಯವನ್ನು ಕತ್ತರಿಸಿ. ಇನ್ನೊಂದಕ್ಕೆ ಶಾಲೆಯ ಅವಧಿಯ ಹೊರಗೆ, ಪಾಠದ ಜೊತೆಗೆ ಹೆಚ್ಚುವರಿಯಾಗಿ. ಅರ್ಥಶಾಸ್ತ್ರಜ್ಞ ಲೀ ಲಿಂಡೆನ್ ಅವರ 2008ರ ಅಧ್ಯಯನದ ಪ್ರಕಾರ ಮೊದಲ ಗುಂಪಿನ ಮಕ್ಕಳ ಅಂಕ ಇಳಿದವು, ಎರಡನೆಯ ಗುಂಪಿನ ಮಕ್ಕಳ ಅಂಕ ಏರಿದವು. ತಂತ್ರಾಂಶ ಅದೇ, ಕಂಪ್ಯೂಟರ್ ಅದೇ. ಚೆನ್ನಾಗಿ ಯೋಜಿಸಿದ ಪಾಠವನ್ನು ಸ್ಥಳಾಂತರಿಸಿ ಆ ಜಾಗದಲ್ಲಿ ಯಂತ್ರವನ್ನು ಕೂರಿಸಿದಾಗ ಮಕ್ಕಳು ನಷ್ಟ ಅನುಭವಿಸಿದರು. ಶಿಕ್ಷಕರ ಹುದ್ದೆಗಳು ಖಾಲಿ ಇರುವಲ್ಲಿ ಟಿ.ವಿ. ಪಾಠದಿಂದ ಕೊರತೆ ತುಂಬಿಸಬಹುದೆಂದು ನಂಬುವ ಯೋಜನಾಕಾರರು ಈ ಫಲಿತಾಂಶವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮೂರನೆಯದು ದೆಹಲಿಯ ‘ಮೈಂಡ್‌ಸ್ಪಾರ್ಕ್’ ಕೇಂದ್ರಗಳ ಅಧ್ಯಯನ. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂದ್ರೊ ಗನಿಮಿಯನ್ ಇದನ್ನು 2019ರಲ್ಲಿ ಪ್ರಕಟಿಸಿದರು. ಮಾಧ್ಯಮಿಕ ಹಂತದ ಮಕ್ಕಳಿಗೆ ಶಾಲೆಯ ನಂತರ ದಿನಕ್ಕೆ 90 ನಿಮಿಷ. ಅರ್ಧ ಸಮಯ ಮಗು ಒಬ್ಬಂಟಿಯಾಗಿ ತಂತ್ರಾಂಶದೊಂದಿಗೆ, ಉಳಿದರ್ಧ ಸಣ್ಣ ಗುಂಪಿನಲ್ಲಿ ಬೋಧಕರೊಂದಿಗೆ. ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯ ಏರಿಕೆ ಕಂಡಿತು. ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ತನ್ನ ತರಗತಿಗಿಂತ ಎರಡೂವರೆ ವರ್ಷ ಹಿಂದಿರುವುದನ್ನು ಈ ತಂತ್ರಾಂಶವೇ ಗುರುತಿಸಿತ್ತು. ಅಂಥ ಮಗುವಿಗೆ ಆರನೇ ತರಗತಿಯ ಪಾಠವನ್ನು ಎಷ್ಟೇ ಬಣ್ಣದ ಅನಿಮೇಷನ್ನಿನಲ್ಲಿ ತೋರಿಸಿದರೂ ಅದು ನೋಟವಾಗಿ ಉಳಿಯುತ್ತದೆಯೇ ಹೊರತು ಪಾಠವಾಗುವುದಿಲ್ಲ. ಮೈಂಡ್‌ಸ್ಪಾರ್ಕ್ ಆ ಮಗುವನ್ನು ಮೂರನೇ ಅಥವಾ ನಾಲ್ಕನೇ ತರಗತಿಯ ಲೆಕ್ಕದಿಂದ ಎತ್ತಿಕೊಂಡಿತು. ಕುತೂಹಲದ ಸಂಗತಿಯೆಂದರೆ, ಶಾಲೆಯದೇ ಗಣಿತ ಪರೀಕ್ಷೆಯಲ್ಲಿ ಇದರ ಫಲ ಅಷ್ಟಾಗಿ ಕಾಣಲಿಲ್ಲ, ಏಕೆಂದರೆ ಆ ಪರೀಕ್ಷೆ ಕೇಳುವುದು ತರಗತಿಯ ಮಟ್ಟದ ಪ್ರಶ್ನೆಗಳನ್ನು. ಮಗು ಏರಿದ್ದು ಅದಕ್ಕಿಂತ ಕೆಳಗಿನ ಮೆಟ್ಟಿಲುಗಳನ್ನು. ಪೋಷಕರೂ ಇಲಾಖೆಯೂ ಅಂಕಪಟ್ಟಿಯೊಂದನ್ನೇ ನೋಡಿದರೆ ನಿಜವಾಗಿ ಕಲಿತ ಮಗುವೂ ಕಲಿಯದ ಮಗುವಿನಂತೆಯೇ ಕಂಡೀತು.

ಈ ಮೆಟ್ಟಿಲಿನ ಮಾತು ಕರ್ನಾಟಕದ ಶಿಕ್ಷಕರಿಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಕಲಿಕಾ ಏಣಿಯಿದೆ, ಕಾರ್ಡುಗಳಿವೆ. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ಆ ದಿನದ ಕಾರ್ಡ್ ತೆಗೆದುಕೊಂಡು ತನ್ನ ಗುಂಪಿನಲ್ಲಿ ಕೂರುತ್ತದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಬೇರೆ ಬೇರೆ ಮೆಟ್ಟಿಲಲ್ಲಿರಬಹುದು. ಇಂದು ‘ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುವ ತಂತ್ರಾಂಶ’ ಎಂದು ದುಬಾರಿ ಬೆಲೆಗೆ ಮಾರಾಟವಾಗುವ ವಿಚಾರದ ತಿರುಳು ರಟ್ಟಿನ ಕಾರ್ಡುಗಳಲ್ಲಿ ಆಗಲೇ ಇತ್ತು. ಕಾರ್ಡುಗಳಿಗೆ ಸಾಧ್ಯವಾಗದ್ದು ಮೂವತ್ತು ಮಕ್ಕಳ ತಪ್ಪುಗಳನ್ನು ನೆನಪಿಟ್ಟು, ಯಾರು ಎಲ್ಲಿ ಎಡವುತ್ತಿದ್ದಾರೆಂದು ಶಿಕ್ಷಕರಿಗೆ ಸಂಜೆಯೊಳಗೆ ತಿಳಿಸುವುದು. ಅದು ಕಂಪ್ಯೂಟರಿಗೆ ಸಲೀಸು. ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕನೇ ತರಗತಿಯಿಂದ ಎಲ್ಲ ಮಕ್ಕಳೂ ಒಂದೇ ಪುಟಕ್ಕೆ ಬರಬೇಕು. ತಂತ್ರಜ್ಞಾನಕ್ಕೆ ನಿಜವಾದ ಕೆಲಸ ಸಿಗುವುದು ಇಲ್ಲಿಂದ, ಏಣಿ ಕೊನೆಗೊಂಡ ಜಾಗದಿಂದ ಎಂಬುದು ಈ ಲೇಖಕನ ಅಭಿಪ್ರಾಯ. ಬೆಂಗಳೂರಿನ ಅಕ್ಷರ ಫೌಂಡೇಷನ್ ರೂಪಿಸಿದ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಉಚಿತ ಗಣಿತ ಆ್ಯಪ್ ಕನ್ನಡದಲ್ಲೂ ಇದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಇಂಥವು ಕನ್ನಡದಲ್ಲಿ ಬೆರಳೆಣಿಕೆಯಷ್ಟು, ಅದರಲ್ಲೂ ಪ್ರೌಢಶಾಲಾ ಹಂತಕ್ಕೆ ಇನ್ನೂ ಕಡಿಮೆ.

ಅಭ್ಯಾಸದ ತಂತ್ರಾಂಶ ಒಂದು ಬಗೆಯಾದರೆ, ವಿಷಯವನ್ನೇ ಕೈಯಲ್ಲಿ ಆಡಿಸಿ ನೋಡುವ ಸಾಧನಗಳು ಇನ್ನೊಂದು ಬಗೆ. ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜವೊಂದನ್ನು ರಚಿಸಿ ಅದರ ಒಂದು ಶೃಂಗವನ್ನು ಎಳೆದರೆ ಮೂರೂ ಕೋನಗಳ ಅಳತೆ ಕಣ್ಣೆದುರೇ ಬದಲಾಗುತ್ತದೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಇದನ್ನು ಶಿಕ್ಷಕರು ಪ್ರೊಜೆಕ್ಟರಿನಲ್ಲಿ ತೋರಿಸಿ ‘ನೋಡಿದಿರಾ ಮಕ್ಕಳೇ’ ಎಂದು ಮುಗಿಸಿದರೆ ಅದೂ ಇನ್ನೊಂದು ವೀಡಿಯೊ ಅಷ್ಟೇ. ‘ಶೃಂಗವನ್ನು ಇನ್ನೂ ದೂರ ಎಳೆದರೆ ಈ ಕೋನ ಏನಾಗುತ್ತದೆ? ಮೊದಲು ಬರೆದಿಡಿ, ಆಮೇಲೆ ಎಳೆಯೋಣ’ ಎಂದರೆ ಪಾಠವೇ ಬೇರೆಯಾಗುತ್ತದೆ. ಈಗ ಪ್ರತಿ ಮಗುವಿಗೂ ತನ್ನದೊಂದು ಊಹೆಯಿದೆ, ಅದು ಸರಿಯೋ ತಪ್ಪೋ ಎಂಬ ಕಾತರವಿದೆ. ಎರಡನೆಯ ಮೌಲ್ಯಯುತ ಪ್ರಶ್ನೆ ಬರುವುದು ಆಮೇಲೆ: ಎಷ್ಟು ಎಳೆದರೂ 180 ಬರುತ್ತದೆಂದು ನೋಡಿದೆವು, ಯಾಕೆ ಬರುತ್ತದೆ? ತಂತ್ರಾಂಶ ಇದಕ್ಕೆ ಉತ್ತರಿಸುವುದಿಲ್ಲ. ತರ್ಕದಿಂದ ಸಾಧಿಸಿ ತೋರಿಸುವ ಅಗತ್ಯವನ್ನು ಮಕ್ಕಳಿಗೆ ಮನಗಾಣಿಸಿ ಕಪ್ಪುಹಲಗೆಗೆ ಮರಳುವುದು ಶಿಕ್ಷಕರ ಕೆಲಸ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳಲ್ಲಿ, ಎಂದರೆ ಪರದೆಯ ಮೇಲಿನ ಅಣಕು ಪ್ರಯೋಗಗಳಲ್ಲಿ, ವಿದ್ಯುತ್ ಮಂಡಲವನ್ನು ಜೋಡಿಸಿ ನೋಡುವುದಕ್ಕೂ ಇದೇ ಮಾತು ಅನ್ವಯ. ಲ್ಯಾಬಿನಲ್ಲಿ ನಿಜವಾದ ಬಲ್ಬು, ತಂತಿ, ಬ್ಯಾಟರಿ ಇದ್ದರೆ ಮೊದಲು ಅದನ್ನೇ ಕೈಗೆ ಕೊಡಬೇಕು ಎಂಬುದನ್ನು ಮಾತ್ರ ಸೇರಿಸಬೇಕು.

ಹೀಗೆ ನೋಡಿದಾಗ ಹಣ ಮೊದಲು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಉತ್ತರ ಶಿಕ್ಷಕರತ್ತ ಬೊಟ್ಟು ಮಾಡುತ್ತದೆ. ಕೇರಳ 2001ರಲ್ಲಿ ‘ಐಟಿ@ಸ್ಕೂಲ್’ ಯೋಜನೆ ಆರಂಭಿಸಿದಾಗ ಹೊರಗಿನ ಬೋಧಕರನ್ನು ನೆಚ್ಚಿಕೊಳ್ಳದೆ ತನ್ನದೇ ಶಿಕ್ಷಕರಿಗೆ ತರಬೇತಿ ಕೊಟ್ಟಿತು, ಮುಕ್ತ ತಂತ್ರಾಂಶಗಳನ್ನು ಆರಿಸಿಕೊಂಡಿತು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಯಿತು, 2018ರಿಂದ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಒದಗಿಸುವ ಕೆಲಸ ನಡೆಯಿತು, ಅದೇ ವರ್ಷ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕ್ಲಬ್‌ಗಳೂ ಹುಟ್ಟಿದವು. ಅನುಕ್ರಮ ಗಮನಿಸಿ: ಶಿಕ್ಷಕರು ಸಿದ್ಧರಾಗಿ ಒಂದೂವರೆ ದಶಕದ ನಂತರ ಯಂತ್ರಗಳ ದೊಡ್ಡ ಖರೀದಿ. ಕರ್ನಾಟಕದಲ್ಲೂ ಸರಿಯಾದ ಹೆಜ್ಜೆಗಳಿಲ್ಲವೆಂದಲ್ಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಕನ್ನಡದಲ್ಲಿ ಪಾಠ ಸಾಮಗ್ರಿ ಬರೆದರು. ತಂತ್ರಜ್ಞಾನ ಆಧಾರಿತ ಕಲಿಕೆಯ ‘ಟಾಲ್ಪ್’ ತರಬೇತಿಗಳಲ್ಲಿ ಜಿಯೋಜಿಬ್ರಾದಂಥ ಸಾಧನಗಳನ್ನು ಕಲಿತರು. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಷನ್ 2023ರಲ್ಲಿ ರಾಜ್ಯದ ಕೆಲವು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿದ ‘ಶಿಕ್ಷಾ ಕೋಪೈಲಟ್’ ಕೂಡ ಮಕ್ಕಳ ಕೈಗಲ್ಲ, ಪಾಠಯೋಜನೆ ಸಿದ್ಧಪಡಿಸುವ ಶಿಕ್ಷಕರ ಕೈಗೆ ಕೃತಕ ಬುದ್ಧಿಮತ್ತೆಯನ್ನು ಕೊಟ್ಟಿತು. ದಿಕ್ಕು ಸರಿಯಿದೆ. ಆದರೆ ಅದೇ ಶಿಕ್ಷಕರ ಡಿಜಿಟಲ್ ಸಮಯದ ಬಹುಪಾಲು ಇಂದು ವಿದ್ಯಾರ್ಥಿಗಳ ಮಾಹಿತಿ ದಾಖಲಿಸುವ ಸ್ಯಾಟ್ಸ್ ಎಂಟ್ರಿ, ಬಿಸಿಯೂಟದ ಲೆಕ್ಕ, ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಕಳಿಸುವುದು ಇವುಗಳಿಗೆ ಹೋಗುತ್ತಿದೆಯೆಂದು ಯಾವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಕೇಳಿದರೂ ಹೇಳುತ್ತಾರೆ.

ಮನೆಯ ಫೋನಿನ ಮೇಲೆ ಕಲಿಕೆಯನ್ನು ಹೊರಿಸುವುದರ ಮಿತಿಯನ್ನು ಕೋವಿಡ್ ಕಾಲ ತೋರಿಸಿಕೊಟ್ಟಿತು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು, ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ವು ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾಧಾರಣ ಫೋನ್ ಇರುವವರು, ಯಾವ ಫೋನೂ ಇಲ್ಲದವರು ಎಂದು ವಿಂಗಡಿಸಿ, ಶಿಕ್ಷಕರನ್ನೇ ವಠಾರಕ್ಕೆ, ಜಗಲಿಗೆ, ದೇವಸ್ಥಾನದ ಪ್ರಾಂಗಣಕ್ಕೆ ಕಳುಹಿಸಿತು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಸಾಧನವನ್ನು ನೋಡಿ ಯೋಜನೆ ಮಾಡದೆ ಮಗುವಿನ ಬಳಿ ಏನಿದೆಯೆಂದು ನೋಡಿ ಯೋಜನೆ ಮಾಡಿದ್ದು ವಿದ್ಯಾಗಮದ ವಿಶೇಷ. ಮನೆಯಲ್ಲಿ ಫೋನ್ ಇರುವುದಕ್ಕೂ ಅದು ಮಗುವಿಗೆ ಸಿಗುವುದಕ್ಕೂ ನಡುವೆ ಅಂತರವಿದೆ. ಸ್ವಂತ ಫೋನ್ ಇರುವ ಹುಡುಗಿಯರು ಹುಡುಗರಿಗಿಂತ ಕಡಿಮೆ ಎಂಬುದು ಅಸರ್ ವರದಿಗಳಲ್ಲೇ ಇದೆ.

ಮಕ್ಕಳ ಮಾಹಿತಿಯ ಸಂಗತಿಯನ್ನು ಚಿಕ್ಕದಾಗಿಯಾದರೂ ಹೇಳದೆ ಮುಂದೆ ಹೋಗುವಂತಿಲ್ಲ. 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ 49 ದೇಶಗಳ 164 ಶೈಕ್ಷಣಿಕ ತಂತ್ರಾಂಶಗಳನ್ನು ಪರಿಶೀಲಿಸಿದಾಗ ಶೇ 89ರಷ್ಟರಲ್ಲಿ ಮಕ್ಕಳ ಹಕ್ಕಿಗೆ ಅಪಾಯ ತರುವ ಮಾಹಿತಿ ಸಂಗ್ರಹ ಕಂಡುಬಂತು; ನಮ್ಮ ಸರ್ಕಾರಿ ‘ದೀಕ್ಷಾ’ ಆ್ಯಪ್ ಕೂಡ ಆ ಪಟ್ಟಿಯಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ. ಶಾಲೆಯೇ ಕಡ್ಡಾಯ ಮಾಡಿದ ಆ್ಯಪಿಗೆ ಪೋಷಕರು ಕೊಡುವ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ ಎನ್ನುವ ಪ್ರಶ್ನೆ ಬೇರೆಯೇ ಇದೆ.

ಈಗ ಮಕ್ಕಳ ಕೈಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಈ ಇಡೀ ಚರ್ಚೆಯನ್ನು ತಲೆಕೆಳಗು ಮಾಡಿವೆ. ಇಷ್ಟು ದಿನ ಪರದೆ ಮಗುವನ್ನು ಏನೂ ಕೇಳುವುದಿಲ್ಲ ಎಂಬ ದೂರಿತ್ತು. ಈಗ ಮಗು ಪರದೆಯನ್ನು ಕೇಳುತ್ತದೆ, ಪರದೆ ಪೂರ್ತಿ ಉತ್ತರ ಬರೆದುಕೊಡುತ್ತದೆ. ನಿಬಂಧ, ಪ್ರಾಜೆಕ್ಟ್, ಲೆಕ್ಕದ ಹಂತಗಳು ಎಲ್ಲವೂ. ಕನ್ನಡದಲ್ಲೂ ಅದು ಸಾಧ್ಯವಾಗಿದೆ. ಮಗು ಯೋಚಿಸಬೇಕಾದ ಕ್ಷಣವೇ ಇಲ್ಲಿ ಮಾಯವಾಗುತ್ತದೆ. ಅದೇ ಯಂತ್ರವನ್ನು ಉತ್ತರ ಕೊಡದಂತೆ, ಮಗುವಿನ ತಪ್ಪನ್ನು ಗುರುತಿಸಿ ಮರುಪ್ರಶ್ನೆ ಹಾಕುವಂತೆ ರೂಪಿಸಲೂ ಬರುತ್ತದೆ. ಯಾವುದನ್ನು ಕೊಳ್ಳುತ್ತೇವೆ ಎಂಬುದು ಖರೀದಿಯ ಷರತ್ತುಗಳಲ್ಲಿ ತೀರ್ಮಾನವಾಗುವ ವಿಷಯ.

ಆ ಷರತ್ತುಗಳನ್ನು ಬರೆಯುವವರ ಮುಂದೆ ಇಂದು ಇರುವುದು ಸಾಧನಗಳ ಎಣಿಕೆ. ದೇಶದ ಶಾಲೆಗಳ ಅಂಕಿಅಂಶ ಕೊಡುವ ಕೇಂದ್ರದ ಯುಡೈಸ್ ಪ್ಲಸ್ ವರದಿಯಂತೆ 2023-24ರಲ್ಲಿ ದೇಶದ ಶೇ 57.2ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್, ಶೇ 53.9ರಷ್ಟರಲ್ಲಿ ಇಂಟರ್ನೆಟ್ ಇತ್ತು. ವಡೋದರಾದಲ್ಲಿ ಪೆಟ್ಟಿಗೆಯೊಳಗೇ ಉಳಿದಿದ್ದ ಕಂಪ್ಯೂಟರ್‌ಗಳೂ ಇಂಥ ಲೆಕ್ಕದಲ್ಲಿ ‘ಇದೆ’ ಎಂದೇ ಸೇರುತ್ತವೆ. ಕಳೆದ ವಾರ ಆರನೇ ತರಗತಿಯ ಪ್ರತಿ ಮಗು ಎಷ್ಟು ನಿಮಿಷ ಕೀಲಿಮಣೆ ಮುಟ್ಟಿತು, ಎಷ್ಟು ಪ್ರಶ್ನೆಗೆ ತಾನೇ ಉತ್ತರಿಸಿತು, ಆ ಉತ್ತರಗಳನ್ನು ನೋಡಿ ಶಿಕ್ಷಕರು ಮರುದಿನದ ಪಾಠದಲ್ಲಿ ಏನನ್ನು ಬದಲಿಸಿದರು ಎಂಬ ಮೂರು ಕಾಲಂಗಳನ್ನು ಶಾಲಾ ಭೇಟಿಯ ನಮೂನೆಗೆ ಸೇರಿಸಲು ಹೊಸ ಯಂತ್ರವೂ ಬೇಡ, ಹೊಸ ಅನುದಾನವೂ ಬೇಡ. ಬ್ಲಾಕ್ ಮಟ್ಟದಲ್ಲಿ ಮುಂದಿನ ಜೂನ್‌ನಿಂದಲೇ ಅದನ್ನು ಆರಂಭಿಸಬಹುದು, ಈಗಿರುವ ನಮೂನೆಯಿಂದ ಅಷ್ಟೇ ಸಂಖ್ಯೆಯ ಕಾಲಂಗಳನ್ನು ತೆಗೆದುಹಾಕುವುದಾದರೆ.